ಅಳಿವೆಯ ಚಿಪ್ಪು ಮಾರಬೇಡ

ಮಗನೇ,

ಹೋದ ಸೋಮವಾರ ಆಸ್ಪತ್ರೆಯಿಂದ ಸುದ್ದಿ ಬಂದಾಗ ನಾನು ನಿನ್ನ ಅಪ್ಪನಿಗೆ ಒಯ್ಯಲು ಫ್ಲಾಸ್ಕಿಗೆ ಬಿಸಿನೀರು ತುಂಬಿಸುತ್ತಿದ್ದೆ. ಅವರು ತೀರಿಹೋಗಿ ವಾರ ಕಳೆದಿಲ್ಲ, ನೀನು ಅದೇ ಅಳಿವೆಯಿಂದ ಮತ್ತೆ ಒಂದು ಬುಟ್ಟಿ ಕಪ್ಪೆಚಿಪ್ಪು ತಂದಿದ್ದೀಯ.

"ತಟ್ಟಿದ್ರೆ ಬಾಯಿ ಮುಚ್ಕೊಳ್ತವೆ ನೋಡಮ್ಮ, ಎಲ್ಲಾ ಜೀವಂತ" ಅಂದೆ. ನಿನ್ನ ಅಪ್ಪನೂ ತಟ್ಟಿ ನೋಡಿಯೇ ಹಸಿಯಾಗಿ ತಿಂದರು. ಮಳೆಗೆ ಚರಂಡಿ ಉಕ್ಕಿ ಅಳಿವೆಗೆ ಸೇರಿತ್ತು. ಚಿಪ್ಪು ಆ ಕೊಳೆಯನ್ನು ಸೋಸಿ ಕುಡಿದು, ರೋಗಾಣುವನ್ನು ಹೊಟ್ಟೆಯಲ್ಲಿಟ್ಟುಕೊಂಡೂ ಸುಖವಾಗಿ ಬದುಕಿರುತ್ತದೆ. ಸಾಯುವವರು ನಾವು.

ಹನ್ನೆರಡನ್ನು ಐಸ್ ಡಬ್ಬಿಯಲ್ಲಿಟ್ಟು ಪರೀಕ್ಷೆಗೆ ಒಯ್ದಿದ್ದೇನೆ. ಉಳಿದದ್ದನ್ನು ಮಾರಬೇಡ, ನೆರೆಯವರಿಗೂ ಕೊಡಬೇಡ. ನಿನ್ನಿಂದ ಚಿಪ್ಪು ಕೊಳ್ಳುವ ಹೋಟೆಲಿನವನು ಫೋನ್ ಮಾಡಿದರೆ "ಅಮ್ಮ ಬೇಡ ಅಂದಿದ್ದಾಳೆ" ಅನ್ನು. ನಿನ್ನ ಮಾತಿಗೆ ಬಗ್ಗದಿದ್ದರೂ ಅವನು ನನ್ನ ಬಾಯಿಗೆ ಹೆದರುತ್ತಾನೆ. ಬುಟ್ಟಿ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆದೇ ಊಟಕ್ಕೆ ಕೂರು, ಅಡುಗೆ ಮಾಡಿ ಮುಚ್ಚಿಟ್ಟಿದ್ದೇನೆ. ವರದಿ ಬಂದ ಮೇಲೆ ಅಳಿವೆಯ ದಡದಲ್ಲಿ ಎಚ್ಚರಿಕೆಯ ಹಲಗೆ ಹಾಕಿಸಿಯೇ ನಾನು ಸುಮ್ಮನಾಗುವುದು.

ಆಸ್ಪತ್ರೆಯಲ್ಲಿ ಪಟ್ಟ ಆ ಎರಡು ದಿನದ ಸಂಕಟವನ್ನೆಲ್ಲ ಮರೆಸಿ, ದೇವರು ನಿನ್ನ ಅಪ್ಪನನ್ನು ತನ್ನ ಬಳಿ ನೆಮ್ಮದಿಯಾಗಿ ಇರಿಸಿಕೊಳ್ಳಲಿ.