ಹಳೇ ಮಾರುಕಟ್ಟೆಯ ನಕ್ಷೆ

ಆಸೀಫ,

ಗಂಗಾವತಿಯ ಹಳೇ ಮಾರುಕಟ್ಟೆ ಕೆಡವುವುದಕ್ಕೆ ಸದ್ಯಕ್ಕೆ ತಡೆ ಸಿಕ್ಕಿದೆ. ನಮ್ಮ ಸಂಘದ ಪ್ರಭುರಾಜ ಫೋನ್ ಮಾಡಿ ತಿಳಿಸಿದ. ಕೆಲಸವಿಲ್ಲದೆ ಈ ವರ್ಷ ಅರ್ಧದಷ್ಟು ವಾಸ್ತುಶಿಲ್ಪಿಗಳು ಸಂಘ ಬಿಟ್ಟರು. ಉಳಿದವರು ಪ್ರಭುರಾಜನ ಮಾವನ ಅಕ್ಕಿ ಗಿರಣಿಯಲ್ಲಿ ಸಭೆ ಸೇರುತ್ತೇವೆ.

ಕೆಡವಬೇಡಿ ಎಂಬ ಮನವಿಯ ಜೊತೆ ನೀನು ಬರೆದ ನಕ್ಷೆಯನ್ನೇ ಕೊಟ್ಟಿದ್ದೆವು. “ಭಾಳ ಛಲೋ ಐತ್ರಿ. ವಿಚಾರಣೆಗೆ ಈ ನಕ್ಷಾ ಬರೆದವ್ರನ್ನ ಕರ್ಕೊಂಡ ಬರ್ರಿ,” ಅಂದರಂತೆ ನಗರಸಭೆಯ ಅಧಿಕಾರಿ. ನೀನು ತೀರಿಕೊಂಡದ್ದು ಅವರಿಗೆ ಗೊತ್ತಿಲ್ಲ.

“ನೀ ಏನಂದಿ?” ಎಂದು ಪ್ರಭುರಾಜನನ್ನು ಕೇಳಿದೆ.

“ಹೂಂರಿ ಅಂದು ಬಂದೆ, ಶೈಲಕ್ಕ.”

ಅಳತೆಯ ಟೇಪು ಹಿಡಿದ ಇಬ್ಬರ ಹೆಸರನ್ನೂ ನಕ್ಷೆಯ ಮೂಲೆಯಲ್ಲಿ ಬರೆಯುವುದು ನಮ್ಮ ಸಂಘದ ರೂಢಿ. ನಿನ್ನ ಹೆಸರಿನ ಪಕ್ಕ, ಟೇಪಿನ ಇನ್ನೊಂದು ತುದಿ ಹಿಡಿದ ನನಗೆಂದು ನೀನು ಬಿಟ್ಟ ಜಾಗ ಖಾಲಿಯೇ ಇದೆ.

ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ವಿಚಾರಣೆ. ಸಂಘದ ಪರವಾಗಿ ನಾನು ಹೋಗುತ್ತೇನೆ.

ಶೈಲಜಾ