ನನ್ನ ಪಾಲಿನ ತೀರ್ಥ

ಚಳ್ಳಕೆರೆ
೧೬ ನವೆಂಬರ್ ೨೦೨೫, ಭಾನುವಾರ ಮಧ್ಯಾಹ್ನ

ಅವ್ವ,

ನಿನಗೂ ಅಪ್ಪನಿಗೂ ನಮಸ್ಕಾರ. ನಿನ್ನೆ ರಾಂಪುರದಿಂದ ಫೋನ್ ಮಾಡಿ ಮಾವನವರ ರಿಪೋರ್ಟ್ ಏನಾಯಿತೆಂದು ಕೇಳಿದಾಗ, ಅಂಥದ್ದೇನಿಲ್ಲ ಎಂದುಬಿಟ್ಟೆ. ಅತ್ತೆ ಪಕ್ಕದಲ್ಲೇ ಕೂತಿದ್ದರು. ಇವತ್ತು ಎಲ್ಲರೂ ಒಂದು ಗೃಹಪ್ರವೇಶಕ್ಕೆ ಹೋಗಿದ್ದಾರೆ. ನಾನು ತಲೆನೋವೆಂದು ಉಳಿದುಕೊಂಡೆ. ತಲೆನೋವಿಲ್ಲ.

ಮಾವನವರ ಕೈನಡುಕ ನೀನು ಯುಗಾದಿಯಲ್ಲಿ ನೋಡಿದ್ದೆ. ಈಗ ಎಣ್ಣೆ ಮಿಲ್ಲಿನ ಚೆಕ್ಕಿಗೆ ಸಹಿ ಹಾಕಲೂ ಆಗುವುದಿಲ್ಲ. ದಾವಣಗೆರೆಯ ಡಾಕ್ಟರು ಉಣ್ಣುವುದು, ಕುಡಿಯುವುದು ಎಲ್ಲ ವಿಚಾರಿಸಿದಾಗ ಪಾದರಸದ ಲಿಂಗದ ಮಾತು ಬಂತು. ಮೂರು ವರ್ಷದ ಹಿಂದೆ ಯಾರೋ ಸ್ವಾಮಿಗಳಿಂದ ತಂದದ್ದು. ರಾತ್ರಿ ಅದನ್ನು ನೀರಿನಲ್ಲಿ ಮುಳುಗಿಸಿಟ್ಟು, ಬೆಳಿಗ್ಗೆ ಆ ನೀರಿಗೆ ಹಾಲು, ಬೆಲ್ಲ, ಬಾಳೆಹಣ್ಣು ಬೆರೆಸಿ ಮನೆಮಂದಿಗೆಲ್ಲ ತೀರ್ಥ ಕೊಡುತ್ತಾರೆ. ಡಾಕ್ಟರು ಅದನ್ನು ನಿಲ್ಲಿಸಲು ಹೇಳಿ, ಎಲ್ಲರ ಮೂತ್ರ ಪರೀಕ್ಷೆಗೆ ಬರೆದರು. ಹಿಂದೆ ಮೈಗೆ ಸೇರಿದ ಪಾದರಸ ಅದರಲ್ಲಿ ಗೊತ್ತಾಗುತ್ತದಂತೆ.

ಶುಕ್ರವಾರ ರಿಪೋರ್ಟ್ ಬಂತು. ಮಾವ, ಅತ್ತೆ, ನಿನ್ನ ಅಳಿಯ, ನಮ್ಮ ಪುಟ್ಟ ರಶ್ಮಿತಾ, ಎಲ್ಲರದೂ ಮಿತಿ ಮೀರಿದೆ. ಮಗುವಿನದು ಅವಳಪ್ಪನದಕ್ಕಿಂತ ಹೆಚ್ಚು. ನನ್ನದು ಮಾತ್ರ ಸರಿಯಾಗಿದೆ.

ನಿನ್ನ ಅಳಿಯ ಲಿಂಗವನ್ನು ಎತ್ತಿಡೋಣ ಎಂದರು. ಅತ್ತೆ ಬಿಡಲಿಲ್ಲ.

"ಲೇ ಅಮರೇಶ, ಇವಳೂ ದಿನಾ ಅದನ್ನೇ ಕುಡೀತಾಳಲ್ಲ? ಲಿಂಗದಾಗೆ ದೋಷ ಇದ್ರೆ ಇವಳನ್ನ ಬಿಡ್ತಿತ್ತಾ? ಬೋರಿನ ನೀರಾಗೆ ಏನೋ ಐತೆ."

ಬೋರಿನ ನೀರನ್ನೂ ಇವಳು ಕುಡಿಯುತ್ತಾಳಲ್ಲ ಎಂದು ನಿನ್ನ ಅಳಿಯ ಕೇಳಿದರು.

"ಇವಳ ಮಡಿ ಇವಳನ್ನ ಕಾದೈತೆ ಬಿಡು. ನಿನಗೆಲ್ಲೈತೆ ಮಡಿ, ಹನ್ನೊಂದಕ್ಕೆ ಸ್ನಾನ ಮಾಡೋನಿಗೆ."

ಮಾವನವರು ನನ್ನ ಕಡೆ ತಿರುಗಿ, ನಡುಗುವ ಕೈಗಳನ್ನೇ ಜೋಡಿಸಿದರು. ಸೊಸೆಗೆ ಕೈಮುಗಿದರು, ಅವ್ವ. ನಾನು ತಲೆ ತಗ್ಗಿಸಿದೆ. ಅದನ್ನೂ ವಿನಯವೆಂದುಕೊಂಡರು.

ನಾನು ಆ ತೀರ್ಥ ಕುಡಿದೇ ಇಲ್ಲ. ಮೊದಲ ವಾರವೇ ಅದರ ಬೂದು ಬಣ್ಣ ಕಂಡು ಹೇಸಿಗೆಯಾಯಿತು. ಕೈಯೊಡ್ಡಿ ತೆಗೆದುಕೊಂಡು, ಸೆರಗು ಅಡ್ಡ ಹಿಡಿದು, ಒಳಗೆ ಹೋಗಿ ಬಚ್ಚಲಿಗೆ ಚೆಲ್ಲುತ್ತಿದ್ದೆ. ಬೇಡವೆಂದು ಬಾಯಿಬಿಟ್ಟು ಹೇಳಿ ಭಕ್ತಿಯಿಲ್ಲದ ಸೊಸೆ ಎನಿಸಿಕೊಳ್ಳುವುದಕ್ಕಿಂತ ಅದು ಸುಲಭವಾಗಿತ್ತು. ವಿಷವೆಂದು ಆಗ ತಿಳಿದಿರಲಿಲ್ಲ. ಈಗ ತಿಳಿದಿದೆ, ಆದರೂ ಸುಮ್ಮನಿದ್ದೇನೆ. ನನ್ನ ರಿಪೋರ್ಟನ್ನೇ ಸಾಕ್ಷಿ ಮಾಡಿಕೊಂಡು ನಾಳೆ, ಕಾರ್ತೀಕದ ಕಡೆಯ ಸೋಮವಾರ, ಮತ್ತೆ ತೀರ್ಥ ಶುರು ಮಾಡುತ್ತಾರೆ. ಮೊದಲ ಉದ್ಧರಣೆ ರಶ್ಮಿತಾಳಿಗೆ.

ಎಲ್ಲರೂ ಪೂಜೆಗೆ ಕೂರುವ ಮೊದಲು ಹೇಳಿಬಿಡುತ್ತೇನೆ. ಆಮೇಲೆ ಈ ಮನೆಯಲ್ಲಿ ನನಗೆ ಯಾವ ಜಾಗವಿರುತ್ತದೋ ಗೊತ್ತಿಲ್ಲ. ಅಪ್ಪನಿಗೆ ಈ ಕಾಗದ ತೋರಿಸಬೇಡ.

ನಿನ್ನ ಮಗಳು
ಗಂಗಾಂಬಿಕಾ

ತಾ.ಕ.: ಬಚ್ಚಲಿಗೆ ಚೆಲ್ಲುತ್ತಿದ್ದೆ ಎಂದು ಬರೆದೆನಲ್ಲ, ಅದು ಮೊದಮೊದಲು ಮಾತ್ರ. ಒಂದು ಬೆಳಿಗ್ಗೆ ಅತ್ತೆ ನನ್ನ ಹಿಂದೆಯೇ ಬಂದುಬಿಟ್ಟರು, ಸ್ವಲ್ಪದರಲ್ಲಿ ಸಿಕ್ಕಿಬೀಳುವುದು ತಪ್ಪಿತು. ಆವತ್ತಿನಿಂದ ನನ್ನ ಪಾಲನ್ನು ಮಗುವಿನ ಅಂಗೈಗೆ ಸುರಿಯುತ್ತಿದ್ದೆ. ಸಿಹಿಯಾಗಿದೆ ಎಂದು ಅವಳೇ ಕೈ ಚಾಚುತ್ತಿದ್ದಳು. ನಾಳೆ ಮೊದಲು ಇದನ್ನೇ ಹೇಳುತ್ತೇನೆ, ಅವಳಪ್ಪನ ಎದುರಿಗೆ.