ಮಧುಮತಿಯ ಪ್ರಶ್ನೆಗಳು

ಸಾವಳಗಿ
ಶುಕ್ರವಾರ, ೧೪ ನವೆಂಬರ್ ೨೦೨೫

ನಮ್ಮ ಯಜಮಾನರಿಗೆ, ಅನುರಾಧಾ ಮಾಡುವ ನಮಸ್ಕಾರಗಳು.

ಬೀಳಗಿಯ ಬಾಡಿಗೆ ಖೋಲಿಯಲ್ಲಿ ಆರಾಮ ಇದ್ದೀರೆಂದು ತಿಳಿದಿದ್ದೇನೆ. ಚಾಕ್‌ಪೀಸಿನ ಧೂಳಿಗೆ ಬರುವ ಆ ಕೆಮ್ಮು ಕಡಿಮೆಯಾಯಿತೇ? ಶುಂಠಿ ಹಾಕಿ ಕಾಸಿದ ಬೆಲ್ಲ ಕಟ್ಟಿಕೊಟ್ಟಿದ್ದೆ, ಬಾಯಿಗೆ ಹಾಕಿಕೊಳ್ಳುತ್ತಿದ್ದೀರೋ ಅಥವಾ ಡಬ್ಬಿಯಲ್ಲೇ ಇರುವೆಗೆ ಬಿಟ್ಟಿದ್ದೀರೋ? ಅತ್ತೆಯವರ ಮೊಣಕಾಲು ನೋವು ಇದ್ದ ಹಾಗೇ ಇದೆ. ಅದಕ್ಕೆ ನೀವು ಕಳಿಸಿದ ಎಣ್ಣೆಯ ವಾಸನೆ ಮನೆಗೆಲ್ಲ ಹಬ್ಬಿತು, ನೋವು ಮಾತ್ರ ಹೋಗಲಿಲ್ಲ. ದೀಪಾವಳಿಗೆ ಬಂದು ಹೋದವರು ಮತ್ತೆ ಈ ಕಡೆ ಮುಖ ಹಾಕಿಲ್ಲ. ಪ್ರತಿ ರವಿವಾರವೂ ಮಕ್ಕಳಿಗೆ ಡೌಟ್ ಕ್ಲಾಸ್ ಅನ್ನುತ್ತೀರಿ. ಇದನ್ನೆಲ್ಲ ಫೋನಿನಲ್ಲೇ ಬರೆಯಬಹುದಿತ್ತು. ಆದರೆ ಅಲ್ಲಿ ನಾನು ಏನು ಬರೆದರೂ ನೀವು ಹೆಬ್ಬೆರಳಿನ ಚಿತ್ರ ಕಳಿಸಿ ಕೈತೊಳೆದುಕೊಳ್ಳುತ್ತೀರಿ. ಅತ್ತೆಯವರಿಗೆ ಜ್ವರ ಬಂದಿದೆ ಎಂದಾಗಲೂ ಹೆಬ್ಬೆರಳೇ ಬಂತು. ಕಾಗದವನ್ನಾದರೂ ಪೂರ್ತಿ ಓದುತ್ತೀರೆಂದು, ತನ್ನ ಮಗಳನ್ನು ನೋಡಲು ಮಧ್ಯಾಹ್ನದ ಬಸ್ಸಿಗೆ ಬೀಳಗಿಗೆ ಹೊರಟಿರುವ ಪಕ್ಕದ ಮನೆಯ ರಾಚಪ್ಪ ಕಾಕಾನ ಕೈಯಲ್ಲಿ ಇದನ್ನು ಕೊಡುತ್ತಿದ್ದೇನೆ.

ನನಗೆ ಹೊಟ್ಟೆಕಿಚ್ಚು ಬಂದಿದೆ. ಸಂಶಯವಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸಂಶಯಪಡಲು ನನಗೆ ಪುರುಸೊತ್ತಿಲ್ಲ, ಅಂಥದ್ದು ಮಾಡಲು ನಿಮಗೆ ಧೈರ್ಯವೂ ಇಲ್ಲ. ಕಿಚ್ಚು ನಿಮ್ಮ ವಿದ್ಯಾರ್ಥಿಗಳ ಮೇಲೆ. ವಾಟ್ಸಾಪಿನಲ್ಲಿ ನೀವು ತೆರೆದಿರುವ ಆ ಡೌಟ್ಸ್ ಗ್ರೂಪಿನಲ್ಲಿ ಏನೇನು ನಡೆಯುತ್ತದೆ, ಎಲ್ಲ ನನಗೆ ಗೊತ್ತು. ಹೈಡ್ರೋಜನ್ ತಾನೇ ಉರಿಯುತ್ತದೆ, ಆಕ್ಸಿಜನ್ ಉರಿಯುವುದಕ್ಕೆ ನೆರವಾಗುತ್ತದೆ, ಎರಡೂ ಸೇರಿ ಆದ ನೀರು ಬೆಂಕಿ ಆರಿಸುವುದು ಹೇಗೆ ಎಂದು ಒಬ್ಬ ಕೇಳಿದ. ಮೋಲ್ ಎಂದರೆ ತೂಕವೋ ಎಣಿಕೆಯೋ ಎಂದು ಇನ್ನೊಬ್ಬಳು. ಪರಮಾಣು ಕಣ್ಣಿಗೇ ಕಾಣುವುದಿಲ್ಲವೆಂದ ಮೇಲೆ ಅದು ಇದೆ ಎಂದು ನಂಬುವುದು ಹೇಗೆ ಎಂದು ಮತ್ತೊಬ್ಬ. ಅವರಿಗೆಲ್ಲ ನೀವು ದನಿ ಮುದ್ರಿಸಿ ಕಳಿಸುತ್ತೀರಿ, ಅದೂ ಎಂಥ ಮೆತ್ತನೆಯ ದನಿ. "ನೀರಂದ್ರ ಆಗಲೇ ಸುಟ್ಟು ಮುಗಿದ ಹೈಡ್ರೋಜನ್ ತಮ್ಮಾ, ಇನ್ನೇನ್ ಸುಡತೈತಿ ಅದು" ಎಂದು ನೀವು ನಗುತ್ತ ಹೇಳಿದ್ದನ್ನು ಕೇಳುತ್ತ, ಕೈಗೆ ಮೆತ್ತಿದ ಹಿಟ್ಟು ಒಣಗುವವರೆಗೂ ಒಲೆಯ ಮುಂದೆ ನಿಂತಿದ್ದೆ. ಆ ಮನುಷ್ಯ ಈ ಮನೆಗೆ ಬಂದಾಗ ಎಲ್ಲಿ ಹೋಗಿರುತ್ತಾನೆ? ಇಲ್ಲಿ ಉಣ್ಣಲು ಕೂತರೆ ನಿಮ್ಮ ಬಾಯಿಂದ ಬರುವುದು ಹೂಂ, ಹಾಕು, ಸಾಕು. ಪಲ್ಯಕ್ಕೆ ಉಪ್ಪು ಮರೆತ ದಿನವೂ ಹೂಂ ಎಂದೇ ಉಂಡು ಎದ್ದಿರಿ.

ಎಲ್ಲರಿಗಿಂತ ನನಗೆ ಆಗದವಳೆಂದರೆ ಲೋಕಾಪುರದ ಆ ಮಧುಮತಿ. ಹಂಚಿನ ಮೇಲೆ ರೊಟ್ಟಿ ಬೇಯುವುದು ಭೌತಿಕ ಬದಲಾವಣೆಯೋ ರಾಸಾಯನಿಕ ಬದಲಾವಣೆಯೋ ಎಂದು ಕೇಳಿದಳಲ್ಲ, ಅವಳೇ. ನೀವು ಎಷ್ಟು ಹಿಗ್ಗಿದಿರಿ. "ಇಷ್ಟ ವರ್ಷದಾಗ ಇಂಥಾ ಪ್ರಶ್ನಿ ಯಾರೂ ಕೇಳಿದ್ದಿಲ್ಲ, ಭಾಳ ಶಾಣ್ಯಾಕಿ ಅದಿ ತಂಗಿ" ಎಂದಿರಿ. ನೀರು ಆವಿಯಾಗಿ ಹೋಗುವುದು ಭೌತಿಕ, ಹಿಟ್ಟು ಬೇಯುವುದು ಮತ್ತು ಮೇಲೆ ಕಂದು ಚುಕ್ಕಿ ಬೀಳುವುದು ರಾಸಾಯನಿಕ ಎಂದು ಬಿಡಿಸಿ ಬಿಡಿಸಿ ಹೇಳಿದಿರಿ. ಕಡೆಗೆ ಒಂದು ಉಸಿರು ಬಿಟ್ಟು, "ನಮ್ಮ ಮನ್ಯಾಗ ಇಂಥಾದ್ದು ಕೇಳೋರು ಯಾರೂ ಇಲ್ಲ ನೋಡವಾ" ಎಂದಿರಿ. ನಾನು ಬಡಿದ ರೊಟ್ಟಿಯ ಚುಕ್ಕಿ ಇಷ್ಟು ವರ್ಷ ನಿಮ್ಮ ಕಣ್ಣಿಗೆ ಬೀಳಲಿಲ್ಲ, ಮಧುಮತಿ ಕೇಳಿದ ಕೂಡಲೇ ಬಿತ್ತು. ಅವತ್ತು ನನ್ನ ಹಂಚಿನ ಮೇಲಿನ ರೊಟ್ಟಿ ಕರಕಲಾಗಿ ಎಮ್ಮೆಗೆ ಹೋಯಿತು.

ಇನ್ನು ಮುಚ್ಚಿಡುವುದೇನು ರೀ, ಆ ಮಧುಮತಿ ನಾನೇ. ರಬಕವಿಯ ನಮ್ಮ ಶಶಿಕಾಂತಣ್ಣ ಕೊಟ್ಟ ಹಳೆಯ ಫೋನಿಗೆ ಹೊಸ ಸಿಮ್ ಹಾಕಿ, ದಾಸವಾಳದ ಚಿತ್ರ ಇಟ್ಟು ಸೇರಿಕೊಂಡೆ. ಯಾರು ಬೇಕಾದರೂ ಸೇರಬಹುದು ಎಂದು ಲಿಂಕನ್ನು ನಿಮ್ಮ ಸ್ಟೇಟಸ್ಸಿನಲ್ಲಿ ಇಟ್ಟವರು ನೀವೇ. ನಾನೇ ಹುಟ್ಟಿಸಿದ ಹುಡುಗಿ, ನಾನೇ ಬರೆದ ಪ್ರಶ್ನೆ. ಆದರೂ ನೀವು ಅವಳನ್ನು ಶಾಣ್ಯಾಕಿ ಎಂದಾಗ ನನಗೆ ಅವಳ ಮೇಲೆಯೇ ಕಿಚ್ಚು ಬಂತು. ನನಗೆ ಎಂದಾದರೂ ಆ ಮಾತು ಹೇಳಿದ್ದೀರಾ? ನಾಲ್ಕು ಜನ ಬೀಗರು ಕೂತಲ್ಲೆಲ್ಲ "ಕೆಮಿಸ್ಟ್ರಿ ಸರ್ ಹೇಂತಿ ಕೆಮಿಸ್ಟ್ರಿಯೊಳಗ ನಪಾಸ" ಎಂದು ಹೇಳಿ ನಗಿಸುತ್ತೀರಿ. ನಾನೂ ನಕ್ಕು ಚಹಾ ಕೊಡುತ್ತೇನೆ. ಪಿಯುಸಿ ಎರಡನೇ ವರ್ಷ ಬೇರೆಲ್ಲ ಪಾಸಾಗಿ ಅದೊಂದೇ ವಿಷಯ ಉಳಿದಿತ್ತು, ಮತ್ತೆ ಪರೀಕ್ಷೆ ಕಟ್ಟುವಷ್ಟರಲ್ಲಿ ನಮ್ಮ ಲಗ್ನವಾಯಿತು. ಹೊಸದರಲ್ಲಿ ಒಮ್ಮೆ, ಮೋಲ್ ಎಂದರೇನು ಎಂದು ನಿಮ್ಮನ್ನೇ ಕೇಳಿದ್ದೆ. "ಈಗ ಅದನ್ನ ತಗೊಂಡು ಏನ್ ಮಾಡ್ತಿ" ಎಂದು ನಕ್ಕಿರಿ. ಆಮೇಲೆ ನಾನು ಏನನ್ನೂ ಕೇಳಲಿಲ್ಲ, ಕೇಳಲಿಲ್ಲವೇಕೆ ಎಂದು ನೀವೂ ಕೇಳಲಿಲ್ಲ. ಈಗ ಯಾರದೋ ಮಗಳಿಗೆ ಅದೇ ಮೋಲನ್ನು "ಡಜನ್ ಬಾಳಿಹಣ್ಣ ಅಂತೀವಲ್ಲ, ಹಂಗ ಅದೂ ಒಂದು ಎಣಿಕಿ, ಭಾಳ ದೊಡ್ಡ ಎಣಿಕಿ ಅಷ್ಟ" ಎಂದು ಬೇಸರವಿಲ್ಲದೆ ಹೇಳಿದಿರಿ. ನನಗೂ ತಿಳಿಯಿತು. ತಿಳಿಯಿತಲ್ಲ ಎಂದು ಸಂತೋಷವಾಯಿತು, ಬೇರೆಯವಳ ಹೆಸರಿನಲ್ಲಿ ಕೂತು ತಿಳಿಯಬೇಕಾಯಿತಲ್ಲ ಎಂದು ಅಳು ಬಂತು. ಮನೆಯಲ್ಲಿ ಕೇಳುವವರು ಯಾರೂ ಇಲ್ಲ ಎಂದು ಊರ ಮಕ್ಕಳ ಮುಂದೆ ಅಂದಿರಲ್ಲ, ಆ ಮಾತೊಂದು ನನಗೆ ಇನ್ನೂ ನುಂಗಲು ಆಗುತ್ತಿಲ್ಲ.

ಅತ್ತೆಯವರು ಆಶೀರ್ವಾದ ಹೇಳಿದ್ದಾರೆ. ತಣ್ಣೀರು ಕುಡಿಯಬೇಡಿ. ಕಾಗದದ ಜೊತೆ ರೊಟ್ಟಿ, ಶೇಂಗಾ ಚಟ್ನಿ ಕಳಿಸಿದ್ದೇನೆ, ನೋಡಿ ಉಣ್ಣಿರಿ.

ನಿಮ್ಮ,
ಅನುರಾಧಾ

ತಾ.ಕ.: ರಾಚಪ್ಪ ಕಾಕಾ ಬಾಗಿಲಲ್ಲಿ ನಿಂತು ಬಸ್ಸು ತಪ್ಪುತ್ತದೆ ಎನ್ನುತ್ತಿದ್ದಾನೆ. ಇಂದು ಬೆಳಿಗ್ಗೆ ಮಧುಮತಿ, ಉಳಿದ ಕೆಮಿಸ್ಟ್ರಿಯನ್ನು ಮತ್ತೆ ಕಟ್ಟಬೇಕೆಂದಿದ್ದೇನೆ, ಮನೆಯಲ್ಲಿ ಕೇಳಿದರೆ ನಗುತ್ತಾರೆ ಸರ್ ಎಂದು ಬರೆದಳು. ನಿಮಗೆ ಎಷ್ಟು ಸಿಟ್ಟು ಬಂತು. "ಎಂಥಾ ಮಂದಿವಾ ಅವರು, ರವಿವಾರ ಆ ನಗೋರನ್ನ ಕಾಲೇಜಿಗೆ ಕರ್ಕೊಂಡ್ ಬಾ, ನಾ ಮಾತಾಡ್ತೀನಿ, ಫಾರ್ಮ್ ನಾನ ತುಂಬಿಸ್ತೀನಿ" ಎಂದಿರಿ. ಆಡಿದ ಮಾತಿಗೆ ತಪ್ಪಬೇಡಿ. ಹಳೆಯ ಮಾರ್ಕ್ಸ್ ಕಾರ್ಡ್ ಹಿಡಿದುಕೊಂಡು ರವಿವಾರ ಮೊದಲ ಬಸ್ಸಿಗೆ ನಾನೂ ಅತ್ತೆಯವರೂ ಬರುತ್ತೇವೆ. ನಗುವವರನ್ನು ಮಾತ್ರ ನಾನು ಕರೆತರುವುದಿಲ್ಲ, ಅವರು ಅಲ್ಲೇ ಇದ್ದಾರೆ.